ಪ್ರೊಫೆಸರರ ಟವೆಲ್ ಕಚ್ಚಿದ ಬಿಳಿ ಏಡಿ

ಚೀಲ ಹಿಡಿದು ನಿಂತಿದ್ದೀಯಲ್ಲ ಪ್ರಿಯಾ, ಶಿವಾಜಿನಗರಕ್ಕೆ ತಾನೇ? ಎರಡು ನಿಮಿಷ ಕೂತುಕೋ, ನಮ್ಮ ಪೂಜಿತಾಳ ಏಡಿಯ ಕಥೆ ಕೇಳಿಕೊಂಡು ಹೋಗು. ನಿನಗೂ ಅದರಲ್ಲಿ ಕೆಲಸವಿದೆ.

ಪೂಜಿತಾ ಹಲಸೂರಿನ ಹುಡುಗಿ. ಅವಳ ಅಮ್ಮ ರಸೆಲ್ ಮಾರುಕಟ್ಟೆಯಲ್ಲಿ ಹೂ ಮಾರುತ್ತಿದ್ದಳು. ಮಗಳು ಮಾತ್ರ ಮಲ್ಲಿಗೆಯ ಪಕ್ಕ ಕೂರದೆ, ಮೀನಿನ ಸಾಲಿನಲ್ಲಿ ಜಹನಾರಾಳ ಏಡಿ ಬುಟ್ಟಿಯ ಪಕ್ಕ ಕೂತು ಮಗ್ಗಿ ಬರೆಯುತ್ತಿದ್ದಳು. ಆಮೇಲೆ ಈಜಿನ ಹುಚ್ಚು ಹಿಡಿಯಿತು. ಕ್ಲೋರಿನ್ ನೀರಿಗೆ ಆ ಕೂದಲು ತೆಂಗಿನ ನಾರಾಗಿ, ಎಷ್ಟು ಎಣ್ಣೆ ತಿಕ್ಕಿದರೂ... ಇರಲಿ, ಏಡಿಗೆ ಬರೋಣ.

ಸಮುದ್ರದಡಿಯ ಗುಹೆಗಳಿಗೆ ಇಳಿದು ಜೀವಿಗಳನ್ನು ಹುಡುಕುವುದೇ ಈಗ ಅವಳ ಕೆಲಸ. ಮೊನ್ನೆ ಅಂಡಮಾನಿನಲ್ಲಿ, ನೂರಿಪ್ಪತ್ತು ಅಡಿ ಕೆಳಗೆ, ಹಾಲಿನಷ್ಟು ಬೆಳ್ಳಗಿನ, ಸಾಸಿವೆಯಷ್ಟೇ ಕಣ್ಣಿನ ಏಡಿಯೊಂದು ಟಾರ್ಚಿನ ಬೆಳಕಿಗೆ ಸಿಕ್ಕಿತು. ಯಾರೂ ಕಂಡಿರದ ಜಾತಿ ಎಂದು ಅವಳ ತಂಡದ ಮುಖ್ಯಸ್ಥರು, ಪ್ರೊಫೆಸರ್ ಶ್ರೀರಾಮಪ್ಪ, ಹಿಗ್ಗಿದರು. ಆದರೆ ಏಡಿ ಕೈಗೆ ಬಾರದೆ ಹೆಸರಿಡುವಂತಿಲ್ಲ. ಅದೋ ಬಂಡೆಯ ಬಿರುಕಿನಲ್ಲಿ ಕೂತು ಮೂರು ದಿನ ಆಟ ಆಡಿಸಿತು. ಇನ್ನು ಒಂದೇ ಸಲ ಇಳಿಯುವುದು ಬಾಕಿ.

ಪೂಜಿತಾ ದಡದಿಂದಲೇ ಜಹನಾರಾಗೆ ಫೋನ್ ಮಾಡಿದಳು.

“ನೀನ್ಯಾಕೆ ಹಿಡೀತೀಯ ಬೇಟಾ? ಅದೇ ಹಿಡ್ಕೊಳ್ಳಲಿ. ಹಳೇ ಬಟ್ಟೆ ಕೊಡು. ಕಚ್ತು ಅಂದ್ರೆ ಬಿಡಲ್ಲ, ಅಷ್ಟು ಜಿದ್ದು ಅದಕ್ಕೆ.”

ಬೆಳಿಗ್ಗೆ ದೋಣಿಯಲ್ಲಿ ಹಳೇ ಬಟ್ಟೆ ಎಲ್ಲಿಂದ ಬರಬೇಕು? ಪ್ರೊಫೆಸರರ ಕೆಂಪು ಚೌಕಳಿ ಟವೆಲ್ ಒಣಗುತ್ತಿತ್ತು, ಹೆಂಡತಿ ಆದಿಲಕ್ಷ್ಮಿ ಪ್ರೀತಿಯಿಂದ ಕೊಡಿಸಿದ್ದು. ಹುಡುಗಿ ಕೇಳಲಿಲ್ಲ, ಸೊಂಟಕ್ಕೆ ಸುತ್ತಿಕೊಂಡು ಇಳಿದೇಬಿಟ್ಟಳು. ಬಿರುಕಿನ ಮುಂದೆ ಟವೆಲ್ಲಿನ ತುದಿ ಆಡಿಸಿದಳು. ಏಡಿ ಕಚ್ಚಿತು. ಮೆಲ್ಲಗೆ, ಮದುಮಗಳನ್ನು ಕರೆತರುವ ಹಾಗೆ ಹೊರಗೆ ತಂದಳು.

ಮೇಲೆ ಬಂದರೂ ಅದು ಬಿಡಲಿಲ್ಲ. ಎಳೆದರೆ ಕೊಂಡಿ ಮುರಿಯುತ್ತದೆ, ಪಟ್ಟ ಕಷ್ಟವೆಲ್ಲ ನೀರುಪಾಲು. ಕೊನೆಗೆ ಪ್ರೊಫೆಸರರೇ ಕತ್ತರಿ ತಂದು, ತಮ್ಮ ಟವೆಲ್ಲನ್ನು ತಾವೇ ಕತ್ತರಿಸಿದರು. ಈಗ ಬಾಟಲಿಯಲ್ಲಿ ಏಡಿಯ ಜೊತೆ ಕೆಂಪು ಚೌಕಳಿಯ ತುಂಡೂ ಇದೆ.

ವರದಿಯಲ್ಲಿ ಮಾತ್ರ ‘ಕೈಯಿಂದ ಹಿಡಿಯಲಾಯಿತು’ ಎಂದು ಬರೆದಿದ್ದಾರೆ. ಕೇಳಿ ಜಹನಾರಾ ಮುಖ ಊದಿಸಿಕೊಂಡಳು. “ಕೈಯಿಂದ ಅಂತೆ. ಕೈ ಹಾಕಿದ್ರೆ ಬೆರಳೂ ಅದೇ ಬಾಟ್ಲಿಯಲ್ಲಿ ಇರ್ತಿತ್ತು.”

ಪಾಪ ಪ್ರೊಫೆಸರ್, ಟವೆಲ್ ದೋಬಿ ಹತ್ತಿರ ಇದೆ ಎಂದು ಮನೆಯಲ್ಲಿ ಹೇಳಿದ್ದಾರೆ. ಯಾವ ದೋಬಿ ಎಂದು ಆದಿಲಕ್ಷ್ಮಿ ಕೇಳಲು ಶುರುಮಾಡಿದ್ದಾಳೆ. ಅದಕ್ಕೇ ಪ್ರಿಯಾ, ಮಾರುಕಟ್ಟೆಯ ಪಕ್ಕದ ಗಲ್ಲಿಯಲ್ಲಿ ಅಂಥದ್ದೇ ಕೆಂಪು ಚೌಕಳಿ ಟವೆಲ್ ತಗೋ. ಹೊಸದೆಂದು ಗೊತ್ತಾಗದ ಹಾಗೆ ನಾಲ್ಕು ಸಲ ಒಗೆದು, ಬಿಸಿಲಿಗೆ ಹಾಕಿ, ಪೂಜಿತಾಳ ಕೈಗೆ ಕೊಟ್ಟು ಬಾ.