ಕಿಟಕಿಯಾಚೆಯ ಮೇಷ್ಟ್ರು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ನೀವೇ ಕಂಡುಹಿಡಿದು ಬೈಯುವ ಶ್ರಮ ಬೇಡ. ಭದ್ರ ಸಿಲೋನಿಗೆ ಹೋಗದೆ ಊರಲ್ಲೇ ಉಳಿದದ್ದು ನನ್ನ ಗಂಟಲಿನಿಂದ. ಆ ಗಂಟಲಿನೊಳಗೆ ಅವತ್ತು ಇದ್ದ ದನಿ ನಮ್ಮ ಶೇಷಗಿರಿ ಮೇಷ್ಟ್ರದು. ಅವರನ್ನು ಕೇಳದೆ ಎತ್ತಿಕೊಂಡು ಬಂದಿದ್ದೆ.

ಆ ಕಾಲದಲ್ಲಿ ದೊಡ್ಡಬಳ್ಳಾಪುರದ ಹುಡುಗರಿಗೆ ಬೆಂಗಳೂರೇ ಹೊರದೇಶ. ಯುದ್ಧ ಮುಗಿದಿತ್ತು, ಕಂಟ್ರೋಲು ಮುಗಿದಿರಲಿಲ್ಲ. ಅಕ್ಕಿಗೆ ಚೀಟಿ, ಸೀಮೆಎಣ್ಣೆಗೆ ಚೀಟಿ, ನೇಯುವವರಿಗೆ ನೂಲಿಗೂ ಚೀಟಿ. ನಾನು ಸಾಸಲು ಕಡೆಯ ರಾಗಿಹೊಲದವರ ಮಗ. ಓದಲಿ ಅಂತ ಊರಿನ ಸೋದರತ್ತೆ ಮನೆಯಲ್ಲಿ ಬಿಟ್ಟಿದ್ದರು. ಓದು ಅಷ್ಟಕ್ಕಷ್ಟೇ, ಅಣಕಿಸುವುದರಲ್ಲಿ ಮಾತ್ರ ನನ್ನನ್ನು ಹಿಡಿಯುವವರಿರಲಿಲ್ಲ. ಅತ್ತೆ ಎಮ್ಮೆಯನ್ನು ಬೈಯುವ ಹಾಗೆ ಬೈಯುತ್ತಿದ್ದೆ, ಎಮ್ಮೆಯ ಮೇಲಿನ ಸಿಟ್ಟನ್ನು ಮಾವ ಅತ್ತೆಯ ಮೇಲೆ ತೀರಿಸಿಕೊಳ್ಳುವ ಹಾಗೆ ಗೊಣಗುತ್ತಿದ್ದೆ, ಇಬ್ಬರಿಗೂ ಎಮ್ಮೆ ಉತ್ತರ ಕೊಡುವ ಹಾಗೆ ಕೂಗುತ್ತಿದ್ದೆ. ಮೂವರಲ್ಲಿ ಎಮ್ಮೆಯೇ ಚೆನ್ನಾಗಿ ಬರುತ್ತದೆ ಅಂತ ಅತ್ತೆ ಹೇಳುತ್ತಿದ್ದರು. ಹದಿನಾಲ್ಕಕ್ಕೆ ಗಂಟಲು ಒಡೆದು ದಪ್ಪಗಾಯಿತು ನೋಡಿ, ಗಂಡಸರ ದನಿಗಳೂ ಕೈಗೆ ಸಿಕ್ಕವು.

ಮೊದಲು ಸಿಕ್ಕವರು ಶೇಷಗಿರಿ ಮೇಷ್ಟ್ರು. ಶಾಲೆಯ ಬಾಲದಳ, ಅಂದರೆ ಸ್ಕೌಟು ಹುಡುಗರ ಗುಂಪು, ಅವರದೇ ಕೂಸು. ನಶ್ಯದ ಮನುಷ್ಯ. ಮಾತಿನ ಕೊನೆಗೆ ಮೂಗಲ್ಲಿ ಒಂದು ಸೊರಕ್, ಅದರ ಹಿಂದೆ ಒಂದು "ತಿಳೀತೇ?" ಇಷ್ಟು ಗೊತ್ತಿದ್ದರೆ ಸಾಕು, ಅರ್ಧ ಮೇಷ್ಟ್ರಾದಂತೆ. ಇನ್ನರ್ಧ ನನ್ನಿಂದ ಯಾವತ್ತೂ ಆಗಲಿಲ್ಲ.

ಗೆಳೆಯ ಭದ್ರನನ್ನೂ ಆಡಿ ತೋರಿಸುತ್ತಿದ್ದೆ. ವೀರಭದ್ರ ಅವನ ಪೂರ್ತಿ ಹೆಸರು, ನೇಕಾರರ ಬೀದಿಯ ಚೌಡಪ್ಪನವರ ಮಗ. ಮಾತಿಗೆ ಮುಂಚೆ "ಹೂಂ" ಅಂತ ಒಂದೆಳೆ ಎಳೆದು, ಆಮೇಲೆ ಮೆತ್ತಗೆ ಶುರುಮಾಡುವನು. ಕೊಡ ಹೊತ್ತವರು ಹೊಸ್ತಿಲು ದಾಟುವ ಹಾಗೆ. ನಾನು ಅವನ ಹಾಗೆ ಎಳೆದರೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಅವನೇ. "ನನಗಿಂತ ನೀನೇ ಚೆನ್ನಾಗಿ ನಾನು ಆಗ್ತೀಯ ಕಣೋ" ಅನ್ನುತ್ತಿದ್ದ.

ಅವರೆಕಾಯಿಯ ಸೊಗಡು ಬೀದಿಗೆಲ್ಲ ಹರಡಿದ್ದ ದಿನಗಳಲ್ಲಿ ಸುದ್ದಿ ಬಂತು. ಬೇಸಿಗೆ ರಜಕ್ಕೆ ಸಿಲೋನಿನಲ್ಲಿ ಹುಡುಗರ ಶಿಬಿರ. ನಮ್ಮ ದಳದಿಂದ ಹತ್ತು ಜನ. ರೈಲು, ಆಮೇಲೆ ಹಡಗು, ಆಮೇಲೆ ಗುಡಾರ. ಮೇಷ್ಟ್ರು ಕಪ್ಪುಹಲಗೆಯ ಮೇಲೆ ಇಂಡಿಯಾ ಬರೆದು, ಅದರ ಕೆಳಗೆ ತೊಟ್ಟಿಕ್ಕಿದ ಹನಿಯ ಹಾಗೆ ಸಿಲೋನು ಬರೆದರು. "ಇದು ಸಮುದ್ರ, ತಿಳೀತೇ?" ಅಂತ ನಡುವೆ ಬೆರಳಿಟ್ಟರು. ನಮಗೆ ಗೊತ್ತಿದ್ದ ಅತಿ ದೊಡ್ಡ ನೀರು ಊರ ಕೆರೆ.

ಅಲ್ಲಿಂದ ತಯಾರಿ. ದುಪ್ಪಟಿ ಹೊಲಿದು ಗುಡಾರ ಮಾಡಿದೆವು. ಹಗ್ಗದ ಗಂಟುಗಳನ್ನು ಕಲಿತು ಒಬ್ಬರನ್ನೊಬ್ಬರು ಬೇವಿನ ಮರಕ್ಕೆ ಕಟ್ಟಿದೆವು. ಸಿಡುಬಿಗೆ ದಾಕು ಹಾಕಿಸಿಕೊಂಡ ಚೀಟಿ ಬೇಕು ಅಂದರು. ಎಲ್ಲರ ಬಲತೋಳೂ ಊದಿ, ಒಂದು ವಾರ ದಳಕ್ಕೆ ದಳವೇ ಎಡಗೈಯಲ್ಲಿ ಸಲಾಮು ಹೊಡೆಯಿತು. ಭಾನುವಾರವೊಂದರಲ್ಲಿ ಊರಾಚೆಯ ಹುಣಸೆ ತೋಪಿಗೆ ನಡೆಸಿಕೊಂಡು ಹೋಗಿ ಅಡುಗೆಯ ತಾಲೀಮು ಮಾಡಿಸಿದರು. ಅವರೆಕಾಳು ಉಪ್ಪಿಟ್ಟು ತಳ ಹತ್ತಿ ಇದ್ದಿಲಾಯಿತು. ಮೇಷ್ಟ್ರು ಅದನ್ನೇ ತಿಂದು, ಸೊರಕ್ ಎಳೆದು, "ಸಿಲೋನಿನವರು ಇದನ್ನು ನಮ್ಮ ಕಡೆಯ ರುಚಿ ಅಂದುಕೊಳ್ತಾರೆ" ಅಂದರು. ನಮ್ಮಜ್ಜಿ ಮಾತ್ರ ಊರಿಂದ ಹೇಳಿ ಕಳಿಸಿದ್ದರು: "ಸೀತಮ್ಮನ್ನೇ ವಾಪಸ್ ಕಳಿಸದಿದ್ದೋರು, ಇವನ್ನ ಕಳಿಸ್ತಾರಾ? ಆದರೂ ಇವನ ಬಾಯಿ ಕೇಳಿದ್ರೆ ಕಳಿಸಿದ್ರೂ ಕಳಿಸಿಬಿಟ್ಟಾರು."

ಅಜ್ಜಿ ಚಿಂತಿಸುವ ಕಾರಣವೇ ಇರಲಿಲ್ಲ. ಹತ್ತು ಜನರ ಪಟ್ಟಿಯಲ್ಲಿ ನಾನು ಹನ್ನೊಂದನೆಯವನು. ಮೇಷ್ಟ್ರು ಕರೆದು ಹೇಳಿದ್ದರು: "ಯಾರಾದ್ರೂ ಬಿಟ್ರೆ ನೀನು. ನಿನ್ನ ಕರ್ಕೊಂಡು ಹೋದ್ರೆ ಅಲ್ಲಿನ ಗವರ್ನರನ್ನೂ ಆಡ್ತೀಯ ಅಂತ ಭಯ ನಂಗೆ." ಭದ್ರ ಏಳನೆಯವನು. ಗಂಟು ಹಾಕುವುದರಲ್ಲಿ ಅವನಿಗೆ ಸಮ ಇರಲಿಲ್ಲ. ನೂಲು ಹಿಡಿದ ಮನೆಯ ಬೆರಳುಗಳು.

ಒಂದು ಷರತ್ತಿತ್ತು. ಪ್ರತಿ ಹುಡುಗನ ತಂದೆಯೂ ಶಾಲೆಗೆ ಬಂದು, ಮೇಷ್ಟ್ರ ಎದುರು ನಿಂತು, ಕಳಿಸುತ್ತೇನೆ ಅಂತ ಬಾಯಿಬಿಟ್ಟು ಹೇಳಿ ಪುಸ್ತಕದಲ್ಲಿ ರುಜು ಹಾಕಬೇಕು. ಭದ್ರ ಸಿಕ್ಕಿಹಾಕಿಕೊಂಡದ್ದು ಇಲ್ಲೇ. ಚೌಡಪ್ಪನವರು ಮದುವೆ ಸೀರೆಯೊಂದರ ಹಾಸು, ಅಂದರೆ ಉದ್ದನೂಲು, ಮಗ್ಗಕ್ಕೆ ಏರಿಸಿದ್ದರು. ಹಾಸು ಏರಿತೆಂದರೆ ಸೀರೆ ಇಳಿಯುವ ತನಕ ಅವರು ಊಟಕ್ಕೆ ಬಿಟ್ಟರೆ ಮಗ್ಗದ ಗುಣಿಯಿಂದ ಏಳುತ್ತಿರಲಿಲ್ಲ, ಯಾರ ಮನೆ ಬಾಗಿಲಿಗೂ ಹೋಗುತ್ತಿರಲಿಲ್ಲ. ಅದು ಅವರ ನೇಮ. ಮಗ ಕೇಳಿದ್ದಕ್ಕೆ ಲಾಳಿ ನಿಲ್ಲಿಸದೆಯೇ ಹೇಳಿದರಂತೆ: "ಸಮುದ್ರ ದಾಟಿಸ್ತೀನಿ ಅನ್ನೋರು ಬೀದಿ ದಾಟಿ ಬಂದು ಒಂದು ಮಾತು ಕೇಳ್ಲಿ. ಕಳಿಸ್ತೀನಿ."

ಮೇಷ್ಟ್ರೋ, ಒಬ್ಬರ ಮನೆಗೆ ಹೋದರೆ ಹತ್ತು ಮನೆಗೂ ಹೋಗಬೇಕು ಅನ್ನುವವರು. ಭದ್ರ ನನ್ನ ಹತ್ತಿರ ಬಂದು, ಹೂಂ ಅಂತ ಎಳೆದು, ಹಗ್ಗದ ತುಂಡಿಗೆ ಗಂಟು ಹಾಕುತ್ತ ಬಿಚ್ಚುತ್ತ ಕೂತ. ಅವನ ಮುಖ ನೋಡಲಾಗದೆ ಮಾಡಿದೆ ಅಂತ ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅರ್ಧ ನಿಜ. ಉಳಿದರ್ಧ, ನನ್ನ ಮೇಷ್ಟ್ರು ಎಲ್ಲಿಯವರೆಗೆ ನಡೆಯುತ್ತಾರೆ ನೋಡೋಣ ಅನ್ನುವ ಚಪಲ.

ನೇಕಾರರ ಬೀದಿಯ ಮನೆಗಳು ನಿಮಗೆ ಗೊತ್ತಿರಬಹುದು. ಗುಣಿಮಗ್ಗದಲ್ಲಿ ನೇಯುವವರು ನೆಲದ ಮಟ್ಟಕ್ಕೆ ಕೂರುತ್ತಾರೆ, ಕಾಲು ಗುಣಿಯೊಳಗೆ. ಬೆಳಕಿಗೆ ಅಂತ ಪಕ್ಕದಲ್ಲೊಂದು ಕುಳ್ಳ ಕಿಟಕಿ, ಅದಕ್ಕೊಂದು ಬಿದಿರ ತಡಿಕೆ. ಹೊರಗೆ ನಿಂತವರ ಮೊಣಕಾಲಿಂದ ಕೆಳಗೆ ಮಾತ್ರ ಒಳಗಿನವರಿಗೆ ಕಾಣುತ್ತದೆ. ಅಂದಮೇಲೆ ಮೇಷ್ಟ್ರಾಗುವುದಕ್ಕೆ ನನಗೆ ಬೇಕಾದದ್ದು ಮೊಣಕಾಲಿಂದ ಕೆಳಗಿನ ಮೇಷ್ಟ್ರು, ಮತ್ತು ದನಿ. ಮಾವನ ಅಂಚುಪಂಚೆ ಉಟ್ಟೆ, ಅವರ ಕಂದು ಚರ್ಮದ ಜೋಡಿಗೆ ಬಟ್ಟೆ ತುರುಕಿ ಕಾಲಿಟ್ಟೆ. ಮಧ್ಯಾಹ್ನದ ಬಿಡುವಿನಲ್ಲಿ ಭದ್ರ ಶಾಲೆಯಲ್ಲೇ ಇದ್ದ ಹೊತ್ತು. ಬೀದಿಯಲ್ಲಿ ಯಾರದೋ ಹಾಸುನೂಲಿಗೆ ಗಂಜಿ ಹಚ್ಚುತ್ತಿದ್ದರು, ಹುಳಿ ವಾಸನೆ. ನಾನು ಕಿಟಕಿಗೆ ಓರೆಯಾಗಿ ನಿಂತು ಕೆಮ್ಮಿದೆ.

"ಚೌಡಪ್ಪನವರೇ, ನಾನು ಶೇಷಗಿರಿ. ನಿಮ್ಮ ಹುಡುಗನ ವಿಷಯ." ಸೊರಕ್.

ಲಾಳಿ ನಿಂತಿತು.

"ಸ್ವಾಮಿ, ತಾವು ಇಲ್ಲಿಗಂಟ ಬಂದ್ರಾ? ಒಳಗೆ ಬನ್ನಿ, ಮಜ್ಜಿಗೆ ತರ್ಸ್ತೀನಿ."

"ಏಳಬೇಡಿ, ಏಳಬೇಡಿ. ನೇಮ ಕೆಡಬಾರದು, ತಿಳೀತೇ?"

ಎದ್ದೇಬಿಟ್ಟರು. ತಡಿಕೆಯ ಸಂದಿಯಲ್ಲಿ ಕಂಡೆ: ಊಟಕ್ಕಲ್ಲದೆ ಏಳದ ಮನುಷ್ಯ ಗುಣಿಯಲ್ಲಿ ನಿಂತು, ನನ್ನ ಮಾವನ ಜೋಡಿಗೆ ಕೈ ಮುಗಿದಿದ್ದರು. ಓಡಿಹೋಗಬೇಕಿತ್ತು. ನಾನು ಎದೆ ಉಬ್ಬಿಸಿ ಇನ್ನೂ ಅಗಲವಾಗಿ ನಿಂತೆ.

"ಹುಡುಗನ್ನ ಕಳಿಸಿಕೊಡಿ. ನಾನಿದೀನಿ."

"ತಾವು ಕೇಳಿದ್ ಮೇಲೆ ಇನ್ನೇನಿದೆ ಸ್ವಾಮಿ, ಕಳಿಸ್ದೆ ಅಂತ್ಲೇ ಇಟ್ಕೊಳಿ. ನನ್ನಿಂದ ಇನ್ನೇನಾದ್ರೂ ಆಗಬೇಕಾ?"

ಇಲ್ಲ ಅನ್ನುವುದು ಎಷ್ಟು ಸುಲಭವಿತ್ತು. "ಹತ್ತು ಹುಡುಗರಿಗೂ ಒಂದೇ ಬಣ್ಣದ ಕೊರಳವಸ್ತ್ರ ಇದ್ದಿದ್ರೆ ಚೆನ್ನಾಗಿತ್ತು" ಅಂದೆ. "ಹೊರದೇಶದವರು ನಮ್ಮೂರ ನೇಯ್ಗೆ ನೋಡ್ಲಿ, ತಿಳೀತೇ?" ಈ ಕಡೆಯ ತಿಳೀತೇ ಎಷ್ಟು ಸೊಗಸಾಗಿ ಬಂತೆಂದರೆ, ಮನೆಗೆ ಬರುವ ದಾರಿಯಲ್ಲಿ ಅದನ್ನೇ ಎರಡು ಸಲ ಹೇಳಿಕೊಂಡೆ.

ಮಾರನೆಯ ದಿನ ಭದ್ರ ಶಾಲೆಗೆ ಓಡಿ ಬಂದ. ಹೂಂ ಎಳೆಯುವುದನ್ನೂ ಮರೆತಿದ್ದ.

"ಮೇಷ್ಟ್ರೇ ನಮ್ಮನೆಗೆ ಬಂದಿದ್ರಂತೆ ಕಣೋ ರಂಗ. ನಮ್ಮಪ್ಪ ರಾತ್ರಿ ಊಟದಲ್ಲೂ ಅದೇ ಮಾತು. ಹೋಗಿ ನಮಸ್ಕಾರ ಹೇಳಿ ಬರ್ಲಾ?"

ಅವನಿಗೆ ಹೇಳಬೇಕು ಅಂತಲೇ ಇದ್ದೆ. ಆ ಮುಖ ನೋಡಿದ ಮೇಲೆ ಆಗಲಿಲ್ಲ. "ಬೇಡ ಕಣೋ" ಅಂದೆ. "ಅವರು ಗುಟ್ಟಾಗಿ ಬಂದಿರೋದು. ಗೊತ್ತಾದ್ರೆ ಎಲ್ಲರ ಅಪ್ಪಂದಿರೂ ನಮ್ಮನೆಗೂ ಬನ್ನಿ ಅಂತಾರೆ." ಭದ್ರ ತುಟಿಗೆ ಬೆರಳಿಟ್ಟುಕೊಂಡು ತಲೆಯಾಡಿಸಿದ. ಗುಟ್ಟು ಉಳಿಸುವುದರಲ್ಲಿ ಅವನಷ್ಟು ಗಟ್ಟಿಗ ಇನ್ನೊಬ್ಬನಿರಲಿಲ್ಲ.

ಆ ಶನಿವಾರ ರುಜುವಿಗೆ ಕಡೆಯ ದಿನ. ಚೌಡಪ್ಪನವರು ಯಾಕೆ ಬರುತ್ತಾರೆ? ಮೇಷ್ಟ್ರಿಗೆ ಮಾತು ಕೊಟ್ಟಾಗಿತ್ತಲ್ಲ. ರುಜುವಿನ ವಿಷಯ ನನ್ನ ಮೇಷ್ಟ್ರ ಬಾಯಿಗೆ ಬಂದೇ ಇರಲಿಲ್ಲ. ಶಾಲೆ ಬಿಟ್ಟ ಮೇಲೆ ಮೇಷ್ಟ್ರು ನನ್ನೊಬ್ಬನನ್ನೇ ಕೋಣೆಗೆ ಕರೆದರು. ಪುಸ್ತಕದಲ್ಲಿ ಹತ್ತರ ಪೈಕಿ ಒಂಬತ್ತು ರುಜು.

"ವೀರಭದ್ರನ ತಂದೆ ಬರ್ತಾರೇನೋ? ನಿನ್ನ ಸ್ನೇಹಿತ, ನಿಂಗೆ ಗೊತ್ತಿರ್ಬೇಕಲ್ಲ."

"ಗೊತ್ತಿಲ್ಲ ಸಾರ್."

"ಹಾಗಾದ್ರೆ ಅವನ ಹೆಸರು ಹೊಡೀತೀನಿ. ಪಟ್ಟಿ ಇವತ್ತೇ ಟಪಾಲಿಗೆ ಹೋಗ್ಬೇಕು. ನಿನ್ನದು ಹಾಕ್ಲಾ? ನಿಮ್ಮಪ್ಪ ಸಂತೆಗೆ ಬಂದಾಗ ಒಪ್ಪಿ ಹೋಗಿದ್ದಾರೆ."

"ಹಾಕಿ ಸಾರ್."

ಈ ವಿಷಯದಲ್ಲಿ ಮೇಷ್ಟ್ರ ಮುಂದೆ ನನ್ನ ಸ್ವಂತ ದನಿಯಲ್ಲಿ ಬಂದ ಮಾತು ಇವೆರಡೇ.

ಪರೀಕ್ಷೆ ಬಂತು ಅಂತ ತಾಲೀಮು ನಿಂತಿತು, ಯಾರಿಗೂ ಯಾವ ಪಟ್ಟಿಯೂ ತಿಳಿಯಲಿಲ್ಲ. ದಿನಾ ಸಂಜೆ ಭದ್ರನ ಪಕ್ಕ ಕೂತು ಹುರಿಗಡಲೆ ತಿನ್ನುತ್ತ, ಹಡಗಿನಲ್ಲಿ ಅವನು ಕಿಟಕಿ ಪಕ್ಕ ಕೂರಬೇಕೋ ಬೇಡವೋ ಅಂತ ಜಗಳವಾಡುತ್ತಿದ್ದೆ. "ನೀನೂ ಬರ್ಬೇಕಿತ್ತು ಕಣೋ, ಮೇಷ್ಟ್ರನ್ನ ಇನ್ನೊಂದ್ಸಲ ಕೇಳ್ಲಾ?" ಅಂದ ಒಂದು ದಿನ. ಹುರಿಗಡಲೆ ಗಂಟಲಲ್ಲಿ ಸಿಕ್ಕಿತು. ಬೆನ್ನು ತಟ್ಟಿದವನೂ ಅವನೇ.

ಪರೀಕ್ಷೆಯ ಕಡೆಯ ದಿನ, ನಾವೆಲ್ಲ ಬೇವಿನ ಮರದ ಕೆಳಗಿದ್ದಾಗ, ಚೌಡಪ್ಪನವರು ಶಾಲೆಯ ಅಂಗಳಕ್ಕೆ ಬಂದರು. ತಲೆಗೆ ರುಮಾಲು, ಮೈಮೇಲೆ ಮಡಿಸಿದ ಗುರುತಿನ್ನೂ ಇದ್ದ ಶರಟು. ಸೀರೆ ಇಳಿದಿತ್ತು. ಅದರ ಹಿಂದೆಯೇ ಇನ್ನೊಂದು ಹಾಸು ಏರಿ ಇಳಿದಿತ್ತು. ಹಬ್ಬಕ್ಕೆ ಹೆಂಡತಿಗೆ ಅಂತ ಎತ್ತಿಟ್ಟಿದ್ದ ನೂಲು ಅದು, ಎಲೆ ಹಸುರು. ಕಂಟ್ರೋಲಿನ ಕಾಲದಲ್ಲಿ ಅದು ಮತ್ತೆ ಸಿಗುವ ಹಾಗಿರಲಿಲ್ಲ. ಕಂಕುಳಿನ ಗಂಟು ಬಿಚ್ಚಿದರು. ಹತ್ತು ಕೊರಳವಸ್ತ್ರ, ಅಂಚಿಗೆ ಸಣ್ಣ ಅಲೆ ಅಲೆ. ಸಮುದ್ರ ಅಂತ ಅಂದಾಜಿನಲ್ಲಿ ನೇಯ್ದದ್ದು.

ಮೇಷ್ಟ್ರು ಬೆರಗಾದರು. "ಇದೇನು ಚೌಡಪ್ಪನವರೇ, ಯಾರು ಹೇಳಿದ್ದು?"

"ತಾವೇ ಬಂದು ಕಿಟಕಿ ಹತ್ರ ನಿಂತು ಹೇಳಿದ್ರಲ್ಲ ಸ್ವಾಮಿ."

"ನಾನು ನಿಮ್ಮ ಬೀದಿಗೆ ಕಾಲೇ ಇಟ್ಟಿಲ್ಲವಲ್ಲ."

ಚೌಡಪ್ಪನವರು ಮೇಷ್ಟ್ರ ಕಾಲು ನೋಡಿದರು. ಬಿಳಿ ಕ್ಯಾನ್ವಾಸು ಜೋಡು. ಅವತ್ತು ಕಿಟಕಿಯಲ್ಲಿ ಕಂಡದ್ದು ಕಂದು. ಹುಡುಗರು ಒಬ್ಬೊಬ್ಬರಾಗಿ ನನ್ನ ಕಡೆ ತಿರುಗಿದರು. ಊರಲ್ಲಿ ಎರಡನೇ ಮೇಷ್ಟ್ರು ಯಾರೆಂದು ಯಾರಿಗೆ ಗೊತ್ತಿರಲಿಲ್ಲ? ಕಡೆಗೆ ತಿರುಗಿದವನು ಭದ್ರ.

ಚೌಡಪ್ಪನವರು ನನ್ನ ಹತ್ತಿರ ಬಂದರು. ಹೊಡೆಯುತ್ತಾರೆ ಅಂದುಕೊಂಡೆ, ಹೊಡೆದಿದ್ದರೆ ಹಗುರಾಗುತ್ತಿತ್ತು. "ಎಲ್ಲಿ, ಇನ್ನೊಂದ್ಸಲ ಆಡಪ್ಪ ಆ ದನಿ" ಅಂದರು. ಕೋಪವಿರಲಿಲ್ಲ. ತಾನು ಎಲ್ಲಿ ಎಡವಿದೆ ಅಂತ ನೋಡಿಕೊಳ್ಳುವ ಹಾಗೆ ಕೇಳಿದರು. ನಾನು ಬಾಯಿ ತೆರೆದೆ. ಬಂದದ್ದು ಮೇಷ್ಟ್ರಲ್ಲ, ಯಾರೂ ಅಲ್ಲ, ಕೀರಲು.

"ತಮಾಷೆಗೆ ಮಾಡ್ದೆ ಚೌಡಪ್ಪನೋರೇ."

"ಚೆನ್ನಾಗೇ ಮಾಡಿದೀಯ. ನಾನು ಎದ್ದು ನಿಂತಿದ್ದೆನಲ್ಲ."

ಮೇಷ್ಟ್ರು ನಶ್ಯದ ಡಬ್ಬಿ ತೆಗೆದವರು ಹಾಗೇ ಮುಚ್ಚಿದರು. ಎಲ್ಲರೆದುರು ಪಟ್ಟಿ ತೆಗೆದು, ಭದ್ರನ ಜಾಗದಲ್ಲಿದ್ದ ನನ್ನ ಹೆಸರು ಹೊಡೆದರು. ಭದ್ರನ ಹೆಸರು ಹಾಕಲು ಹಾದಿ ಇರಲಿಲ್ಲ, ಪಟ್ಟಿ ಹೋಗಿ ಅಲ್ಲಿಂದ ಹೆಸರು ಬರೆದ ಹತ್ತು ಪರವಾನಗಿ ಚೀಟಿಗಳೂ ಬಂದಾಗಿದ್ದವು. ವಸ್ತ್ರಗಳನ್ನು ಹಿಂದಕ್ಕೆ ಕೊಡಹೋದರೆ ಚೌಡಪ್ಪನವರು ಕೈ ಚಾಚಲಿಲ್ಲ. "ತಂದಿದ್ದನ್ನ ಮನೆಗೆ ತಗೊಂಡು ಹೋಗಲ್ಲ ಸ್ವಾಮಿ. ಹುಡುಗರು ಹಾಕ್ಕೊಳ್ಲಿ." ಬೇಸಿಗೆಯಲ್ಲಿ ಒಂಬತ್ತು ಹುಡುಗರು ಎಲೆಹಸುರು ಕೊರಳಲ್ಲಿ ರೈಲು ಹತ್ತಿದರು. ಹತ್ತನೆಯದನ್ನು ಮೇಷ್ಟ್ರು ದಳದ ಬಾವುಟದ ಕೋಲಿಗೆ ಕಟ್ಟಿದ್ದರು. ನಾನು ಅತ್ತೆ ಮನೆಯ ಎಮ್ಮೆ ಹಿಡಿದುಕೊಂಡು ಸ್ಟೇಷನ್ನಿನ ಬೇಲಿಯಾಚೆಯಿಂದ ನೋಡಿದೆ.

ಈಗ ಆ ಬೀದಿಗೆ ಹೋದರೆ ಗುಣಿಗಳಿಲ್ಲ, ತಡಿಕೆಯ ಕಿಟಕಿಗಳಿಲ್ಲ. ಕರೆಂಟಿನ ಮಗ್ಗಗಳ ಗದ್ದಲದಲ್ಲಿ ಹೊರಗೆ ನಿಂತು ಯಾರು ಯಾರ ದನಿಯಲ್ಲಿ ಕೂಗಿದರೂ ಒಳಗೆ ಕೇಳುವುದಿಲ್ಲ. ಮೋಸ ಹೋಗುವವರಿಲ್ಲ ಅನ್ನಿ. ದನಿಯೊಂದನ್ನು ನಂಬಿ ಎದ್ದು ನಿಲ್ಲುವವರೂ ಇಲ್ಲ. ನನಗೆ ಇವತ್ತಿಗೂ ಊರಿನ ಅರ್ಧ ಜನರ ದನಿ ಬರುತ್ತದೆ. ಕೂಟಗಳಲ್ಲಿ ಕೇಳಿ ಕೇಳಿ ಆಡಿಸುತ್ತಾರೆ. ಭದ್ರನದೊಂದು ಬರುವುದಿಲ್ಲ. ಆ "ಹೂಂ" ಎಳೆ ಅಂದರೆ ಎಮ್ಮೆಯ ಹಾಗೆ ಕೂಗಿ ತಪ್ಪಿಸಿಕೊಳ್ಳುತ್ತೇನೆ.

ಅವತ್ತು ಅಂಗಳ ಖಾಲಿಯಾದ ಮೇಲೆ ಅವನ ಹಿಂದೆ ಓಡಿದ್ದೆ. ಅವರಪ್ಪ ಮುಂದೆ, ಅವನು ನಾಲ್ಕು ಹೆಜ್ಜೆ ಹಿಂದೆ. ತೋಳು ಹಿಡಿದು ನಿಲ್ಲಿಸಿ, ತಪ್ಪಾಯ್ತು ಕಣೋ ಭದ್ರ, ಪರವಾಗಿಲ್ಲ ಅಂತ ಒಂದು ಮಾತು ಹೇಳೋ ಅಂತ ಕೇಳಿಕೊಂಡೆ. ತೋಳು ಬಿಡಿಸಿಕೊಳ್ಳಲಿಲ್ಲ, ಕೂಗಾಡಲಿಲ್ಲ. ಹೂಂ ಅಂತಲೂ ಎಳೆಯದೆ, ನೇರವಾಗಿ ನನ್ನ ಮುಖ ನೋಡಿ ಹೇಳಿದ:

"ನನ್ನ ದನಿ ನಿಂಗೆ ಬರುತ್ತಲ್ಲ. ನೀನೇ ಹೇಳ್ಕೋ."