ಲಾಲಸಾಬ ಕಾಕಾನ ಅರ್ಧ ಶಟರ್

ಲಾಲಸಾಬ ಕಾಕಾ ಗಿರಾಕಿಗೆ ಏನಾದರೂ ತಿಳಿಸಿ ಹೇಳಬೇಕಾದರೆ ಮೊದಲು ಅಂಗಡಿಯ ಶಟರನ್ನು ಅರ್ಧ ಕೆಳಗೆ ಎಳೆಯುತ್ತಿದ್ದ. ಹೊಸಬರು ಗಾಬರಿಯಾಗುತ್ತಿದ್ದರು. ಗೊತ್ತಿದ್ದವರು ತಲೆ ಬಗ್ಗಿಸಿ ಒಳಗೆ ನುಗ್ಗುತ್ತಿದ್ದೆವು. ಶಟರಿನ ಒಳಮೈಯಲ್ಲಿ ಸೀಮೆಸುಣ್ಣದಿಂದ ಬರೆದ ಪಟ್ಟಿಯಿತ್ತು. ಎಡಕ್ಕೆ ಹಳೆಯ ಹಾರ್ಡ್ ಡಿಸ್ಕುಗಳ ವೇಗ, ಮೆಗಾಬೈಟಿನಲ್ಲಿ. ಬಲಕ್ಕೆ ಊರಿಗೆ ಬಂದ ಫೈಬರ್ ತಂತಿಗಳ ವೇಗ, ಮೆಗಾಬಿಟ್ಟಿನಲ್ಲಿ. ನಡುವೆ ದಪ್ಪಗೆ ಎಂಟು ಎಂಬ ಅಂಕಿ. ಎಂಟು ಬಿಟ್ಟಿಗೆ ಒಂದು ಬೈಟು. ಬಲಗಡೆಯದನ್ನು ಎಂಟರಿಂದ ಭಾಗಿಸದೆ ಎಡಗಡೆಯದಕ್ಕೆ ಹೋಲಿಸಿದವರಿಗೆ ಕಾಕಾನ ಬೈಗುಳ ಖಾಯಂ.

ಅಂಗಡಿ ಇದ್ದದ್ದು ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ, ಒಂದು ಬಳೆ ಅಂಗಡಿಗೂ ಒಂದು ಭಾಂಡೆ-ಪಾತ್ರೆ ಅಂಗಡಿಗೂ ನಡುವೆ. ಏಳನೇ ಇಯತ್ತೆಗೆ ಸಾಲಿ ಬಿಟ್ಟು ರೇಡಿಯೊ ರಿಪೇರಿಗೆ ಕೂತವನು ಕಾಕಾ. ಅಲ್ಲಿಂದ ಟೇಪ್ ರೆಕಾರ್ಡರು, ಅಲ್ಲಿಂದ ಕಂಪ್ಯೂಟರು. ಯಾರೂ ಮುಟ್ಟದ ಹಳೆಯ ಡಿಸ್ಕುಗಳನ್ನು ಅವನ ಮುಂದೆ ತಂದು ಸುರಿಯುತ್ತಿದ್ದರು. "ನನ್ನ ಕೈಯಾಗ ಯಾರದೂ ಒಂದು ಫೋಟೊ ಸೈತ ಸತ್ತಿಲ್ಲ ನೋಡ್ರಿ," ಎನ್ನುತ್ತಿದ್ದ. ಅವನ ಆಸ್ತಿಯೆಲ್ಲ ಆ ಒಂದು ಮಾತು.

ಒಮ್ಮೆ ಬಬಲೇಶ್ವರದ ಫೋಟೊ ಸ್ಟುಡಿಯೊದವನು ಕೆಂಡದಂಥ ಸಿಟ್ಟಿನಲ್ಲಿ ಬಂದ. "ನೂರರ ಕನೆಕ್ಷನ್ ಅಂತ ಹೇಳಿ ಕೊಟ್ಟಾರ್ರಿ, ಬರಾಕತ್ತಿದ್ದು ಬರೇ ಹನ್ನೊಂದು! ಇವತ್ತು ಆ ಲೈನ್‌ಮನ್‌ಗ ಬಿಡಂಗಿಲ್ಲ." ಕಾಕಾ ಶಟರ್ ಎಳೆದ. "ನೂರಕ್ಕ ಎಂಟರಿಂದ ಭಾಗಿಸೋ ಯಪ್ಪಾ. ಹನ್ನೆರಡೂವರಿ. ಅದರಾಗ ಜರಾ ದಾರಿಯೊಳಗ ಸೋರತೈತಿ. ನಿನಗ ಬರೋಬ್ಬರಿನ ಬರಾಕತ್ತೈತಿ. ಮನಿಗೆ ಹೋಗಿ ಉಣ್ಣು ಹೋಗು." ಆ ಮನುಷ್ಯ ನಗುತ್ತ ಹೋದ. ಆಮೇಲೆ ಅವನ ಡಿಸ್ಕುಗಳೆಲ್ಲ ಕಾಕಾನ ಹತ್ತಿರವೇ ಬರತೊಡಗಿದವು.

ನಾನು ಊರಿನ ಒಂದು ಸಂಸ್ಥೆಯಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತೇನೆ. ನನಗೆ ಈ ಭಾಗಾಕಾರ ಕಲಿಸಿದವನೂ ಕಾಕಾನೇ. ನೌಕರಿಗೆ ಸೇರಿದ ಹೊಸತರಿಂದಲೂ ನಾನು ಅವನಿಗೆ "ಲೇ ತಮ್ಮಾ". ನನ್ನ ಕೈಕೆಳಗಿನವರ ಎದುರಿಗೂ ಅಷ್ಟೆ. ಒಂದು ಚಹಾ ತರಿಸಿ, ಬಸಿಯಲ್ಲಿ ಅರ್ಧ ನನಗೆ ಸುರಿದು, ಕಪ್ಪಿನಲ್ಲಿ ಉಳಿದದ್ದನ್ನು ತಾನು ಕುಡಿಯುತ್ತಿದ್ದ.

ನಮ್ಮ ಸಂಸ್ಥೆಯಲ್ಲಿ ಎಂಬತ್ತು ಜಿಬಿಯ ಒಂದು ಹಳೆಯ ಡಿಸ್ಕು ಇತ್ತು. ಘೋಣಸಗಿ, ಟಿಕೋಟಾ ಕಡೆಯ ಹೆಣ್ಣುಮಕ್ಕಳು ಹಾಡಿದ ಬೀಸುವ ಪದಗಳು, ಸೋಬಾನೆಗಳು ಅದರಲ್ಲಿದ್ದವು. ಹಾಡಿದವರಲ್ಲಿ ಬಹಳ ಜನ ಈಗಿಲ್ಲ. ಸಂಸ್ಥೆಗೆ ಗಿಗಾಬಿಟ್ ಫೈಬರ್ ಬಂದಾಗ ಅಧ್ಯಕ್ಷರು ಉದ್ಘಾಟನೆ ಇಟ್ಟುಕೊಂಡರು: ಎಲ್ಲರ ಕಣ್ಣೆದುರು ಆ ಹಾಡುಗಳೆಲ್ಲ ಬೇರೊಂದು ಊರಿನ ಸಂಗ್ರಹಾಲಯಕ್ಕೆ ಹೋಗಬೇಕು. ನಾನು ಜಾಣನಂತೆ ಲೆಕ್ಕ ಹಾಕಿದೆ. ಸಾವಿರ ಮೆಗಾಬಿಟ್ಟನ್ನು ಎಂಟರಿಂದ ಭಾಗಿಸಿದರೆ ನೂರಿಪ್ಪತ್ತೈದು ಮೆಗಾಬೈಟು. ಡಿಸ್ಕಿನ ಜೋಡಣೆಯ ವೇಗ ನೂರಮೂವತ್ಮೂರು ಎಂದು ಪುಸ್ತಕದಲ್ಲಿತ್ತು. ಹನ್ನೊಂದು ನಿಮಿಷ ಸಾಕು. ಆಮಂತ್ರಣದಲ್ಲಿ ಹಾಗೆಯೇ ಅಚ್ಚು ಹಾಕಿಸಿದೆ.

ಹಿಂದಿನ ದಿನ ಡಿಸ್ಕನ್ನು ಕಾಕಾನಿಗೆ ತೋರಿಸಲು ಒಯ್ದೆ. ಅದನ್ನು ಓಡಿಸಿ ನೋಡಿ ಅವನು ಮುಖ ಸಣ್ಣದು ಮಾಡಿದ.

"ನೂರಮೂವತ್ಮೂರು ಅನ್ನೋದು ಬಾಗಲದ ಅಗಲ ಲೇ ತಮ್ಮಾ. ಒಳಗಿನ ಮುದುಕಿ ಎಷ್ಟು ನಡೀತಾಳ ಅದನ್ನ ನೋಡು. ಸೆಕೆಂಡಿಗೆ ನಾಕು. ಐದೂವರಿ ತಾಸು ಬೇಕು, ಅದೂ ನಡುನಡುವ ಆರಾಕ ಬಿಟ್ಟು. ಒಂದು ದಿನ ನನ್ನ ಹತ್ರ ಬಿಡು, ಸಾವಕಾಶ ಹೊಸ ಡಿಸ್ಕಿಗೆ ಇಳಿಸಿ ಕೊಡ್ತೇನಿ. ಆಮ್ಯಾಲ ನಿಮ್ಮ ತಂತಿ ಮ್ಯಾಲ ಎಷ್ಟರ ಓಡಸು."

"ನಾಳೆನ ಕಾರ್ಯಕ್ರಮ ಐತಿ ಕಾಕಾ."

"ಕಾರ್ಯಕ್ರಮ ಮುಂದ ಹಾಕು. ಮುದುಕಿನ್ನ ಓಡಸಬ್ಯಾಡ."

ಅಧ್ಯಕ್ಷರಿಗೆ ಹಾಗೆಂದು ಹೇಳುವ ಧೈರ್ಯ ನನಗಿರಲಿಲ್ಲ. ಡಿಸ್ಕನ್ನು ಚೀಲದಲ್ಲಿ ಹಾಕಿಕೊಂಡು ಬಂದೆ.

ಮರುದಿನ ಹನ್ನೊಂದು ನಿಮಿಷ ಮುಗಿದಾಗ ನೂರಕ್ಕೆ ಮೂರು ಪಾಲು ಹೋಗಿತ್ತು. ಜನ ಗುಸುಗುಸು ಶುರುಮಾಡಿದರು. ನಾನು ಬೆವರುತ್ತ ಡಿಸ್ಕು ಬಂದ್ ಮಾಡಿ ಮತ್ತೆ ಹಚ್ಚಿದೆ, ಇನ್ನೊಮ್ಮೆ ಬಂದ್ ಮಾಡಿ ಹಚ್ಚಿದೆ. ಮೂರನೇ ಸಲ ಅದು ಕಟ್ ಕಟ್ ಎಂದು ಬಡಿದುಕೊಂಡು ನಿಂತುಹೋಯಿತು. ಮತ್ತೆ ಯಾರಿಂದಲೂ ಏಳಲಿಲ್ಲ. ಅಷ್ಟು ಹೆಣ್ಣುಮಕ್ಕಳ ದನಿಯನ್ನು ನಾನು ಈ ಕೈಯಿಂದ ಕೊಂದೆ.

"ನಿನ್ನೆ ಇದು ಯಾರ ಹತ್ರ ಇತ್ತು?" ಅಧ್ಯಕ್ಷರು ಎಲ್ಲರೆದುರು ಕೇಳಿದರು.

"ಗುಡಿ ಹಿಂದಿನ ಲಾಲಸಾಬನ ಹತ್ರ ಇತ್ತು ಸರ್," ಎಂದೆ.

ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಹಾಗೆಂದುಕೊಂಡೇ ಅವತ್ತು ಮನೆಗೆ ಹೋಗಿ ಊಟ ಮಾಡಿದೆ. ಎಂಟು ದಿನದಲ್ಲಿ ಓಣಿಯೆಲ್ಲ ಅದೇ ಸುದ್ದಿ: ಮುದುಕನಿಗೆ ಕಣ್ಣು ಕಾಣುವುದಿಲ್ಲ, ಸಂಸ್ಥೆಯ ಡಿಸ್ಕು ಕೆಡಿಸಿದ. ಬಬಲೇಶ್ವರದವನು ತನ್ನ ಡಿಸ್ಕುಗಳನ್ನು ಸೊಲ್ಲಾಪುರಕ್ಕೆ ಒಯ್ಯತೊಡಗಿದ.

ಈಗ ಕಾಕಾ ಇಲ್ಲ. ಅಂಗಡಿಯಲ್ಲಿ ಮೊಬೈಲ್ ಕವರು ಮಾರುತ್ತಾರೆ. ಶಟರಿಗೆ ಒಳಗೂ ಹೊರಗೂ ನೀಲಿ ಬಣ್ಣ ಬಳಿದಿದ್ದಾರೆ. ಅವನು ಹೋಗುವ ಮೂರು ತಿಂಗಳ ಮುಂಚೆ ನಾನೊಮ್ಮೆ ಹೋಗಿದ್ದೆ. ಮೇಜಿನ ಮೇಲೆ ಒಂದೂ ಡಿಸ್ಕು ಇರಲಿಲ್ಲ. ನನ್ನನ್ನು ಕಂಡು ಎದ್ದು ನಿಂತ. ಟವಲಿನಿಂದ ಸ್ಟೂಲು ಒರೆಸಿದ.

"ಬರ್ರಿ ಸಾಹೇಬ್ರ, ಕುಂದರ್ರಿ."

"ಕಾಕಾ, ತಪ್ಪು ನಂದು. ನೀ ಬ್ಯಾಡ ಅಂದಿದ್ದಿ, ನಾನ ಕೇಳಲಿಲ್ಲ," ಎಂದೆ.

"ಅಧ್ಯಕ್ಷರಿಗೆ ಹೇಳೀರೇನ್ರಿ ಇದನ್ನ?"

"ಇನ್ನೂ ಇಲ್ಲ ಕಾಕಾ," ಎಂದೆ. ಕಾಕಾ ನಮಾಜಿನ ಟೊಪ್ಪಿಗೆ ಹಾಕಿಕೊಂಡು ಹೊರಗೆ ಬಂದ, ನಾನೂ ಅವನ ಹಿಂದೆ ಮೆಟ್ಟಿಲಿಳಿದೆ. ಶಟರನ್ನು ಅರ್ಧ ಎಳೆದ. ನಾನು ಹಳೆಯ ರೂಢಿಯಂತೆ ಒಳಗೆ ನುಗ್ಗಲು ತಲೆ ಬಗ್ಗಿಸಿದೆ.

"ಜರಾ ಹಿಂದ ಸರೀರಿ ಸಾಹೇಬ್ರ, ತಲಿಗೆ ಬಡದೀತು," ಎಂದು, ನಾನು ಸರಿಯುವವರೆಗೆ ಶಟರನ್ನು ಹಾಗೇ ಹಿಡಿದು ನಿಂತು, ಪೂರ್ತಿ ಕೆಳಗೆ ಎಳೆದ.