ಹೊಸ ಟೈಲ್ಸು ಮತ್ತು ರಾಣಿಯ ಕುಂಟು

ಸ್ನೇಹಿತರೇ, ಬಾಳೆಗುಳಿ ಕ್ರಾಸಿನಿಂದ ಮೊನ್ನೆ ಮನೆಗೆ ತಂದ ಬೀದಿನಾಯಿ ರಾಣಿ ಕುಂಟತೊಡಗಿತ್ತು. ಗಂಡ ಇವತ್ತು ರಜೆ ಹಾಕಿ, ರಿಕ್ಷಾ ಮಾಡಿಕೊಂಡು ಪಶುವೈದ್ಯರ ಬಳಿ ಒಯ್ದರು. ನಾನೂ ಹೋದೆ. ಡಾಕ್ಟರು ಕಾಲು ಒತ್ತಿ ನೋಡಿ, ಅಂಗಳಕ್ಕೆ ಬಿಟ್ಟರು. ಅಲ್ಲಿ ರಾಣಿ ಸಲೀಸಾಗಿ ಓಡಿತು.

"ಮನೇಲಿ ಟೈಲ್ಸ್ ಉಂಟಾ?"

"ಹೊಸದು. ಮುಖ ಕಾಣ್ತದೆ," ಎಂದರು ಇವರು ಹೆಮ್ಮೆಯಿಂದ.

"ಅದೇ ಮತ್ತೆ. ಜಾರ್ತದೆ ಅಂತ ಹೆದರಿ ಕಾಲು ಊರೂದಿಲ್ಲ. ಚಾಪೆ ಹಾಸಿ."

ಮಧ್ಯಾಹ್ನದೊಳಗೆ ಮನೆತುಂಬ ಚಾಪೆ ಬಿತ್ತು. ಟೈಲ್ಸ್ ಹಾಕಿದಾಗಿನಿಂದ ಅತ್ತೆ ಗೋಡೆ ಹಿಡಿದೇ ನಡೆಯುತ್ತಿದ್ದರು. ಕಾಲು ಜಾರ್ತದೆ ಎಂದಾಗಲೆಲ್ಲ ಇವರು, "ರೂಢಿ ಆಗ್ತದೆ ಆಯಿ," ಎನ್ನುತ್ತಿದ್ದರು.

ಇವತ್ತು ಅತ್ತೆ ಗೋಡೆ ಬಿಟ್ಟು ನಡೆದು ಬಂದು ರಾಣಿಗೆ ಮೀನು ಹಾಕಿದರು. ಮಗನಿಗೆ ಕೇಳುವಂತೆ ಅದಕ್ಕೆ ಹೇಳಿದರು: "ನಂಗೆ ಕನ್ನಡಕವೂ ಬದಲಿಸ್ಬೇಕಿತ್ತು. ನೀನೇ ಒಂದ್ ಮಾತು ಹೇಳೆ ಅವಂಗೆ."